ಬೇಟೆಗೆ 5 ಸಾವಿರ ಕಿಲೋಮೀಟರ್! ನಮ್ಮ ಆಫೀಸಿನವರ ಲೆಕ್ಕ ಯಾರಿಗಾದರೂ ಅರ್ಥ ಆಗುತ್ತಾ?

ನೋವೈ_ನಿವಾಸಿ

ಎಲ್ಲರಿಗೂ ನಮಸ್ಕಾರ. ಮಿಶಿಗನ್‌ಗೆ ಬಂದು 6 ವರ್ಷ ಆಯಿತು, ಈ ಒಂದು ವಿಷಯ ಮಾತ್ರ ಇನ್ನೂ ತಲೆಗೆ ಹತ್ತಿಲ್ಲ. ನಮ್ಮ ಟೀಮಿನಲ್ಲಿ ಒಬ್ಬರಿದ್ದಾರೆ. 58 ವರ್ಷ, ಉದ್ದ ಬಿಳಿ ಗಡ್ಡ. ಇಲ್ಲಿ ಗಡ್ಡದಣ್ಣ ಅಂತ ಕರೆಯುತ್ತೇನೆ. ಮಧ್ಯಾಹ್ನಕ್ಕೆ ಮನೆಯಿಂದಲೇ ಬ್ರೆಡ್ಡು ಕಟ್ಟಿಕೊಂಡು ಬರುವ ಮನುಷ್ಯ, ಹೊರಗೆ ಒಂದು ಕಾಫಿ ಕುಡಿಯಲು ಹಿಂದೆಮುಂದೆ ನೋಡುತ್ತಾರೆ. ಇಂಥವರು ಪ್ರತಿ ಅಕ್ಟೋಬರ್‌ನಲ್ಲಿ ರಜೆ ಹಾಕಿ, ಇಬ್ಬರು ಗೆಳೆಯರನ್ನು ಪಿಕಪ್ ಟ್ರಕ್‌ಗೆ ಹತ್ತಿಸಿಕೊಂಡು ಕೊಲರಾಡೊಗೆ ಎಲ್ಕ್ ಬೇಟೆಗೆ ಹೋಗುತ್ತಾರೆ. ಎಲ್ಕ್ ಅಂದರೆ ನಮ್ಮ ಕಡವೆ ಥರದ್ದೇ, ಆದರೆ ಇನ್ನೂ ದೊಡ್ಡದು. ಬಲಿತ ಗಂಡು 300 ಕಿಲೋ ಮೇಲೆ ತೂಗುತ್ತದೆ.

ಇಲ್ಲಿಂದ ಅವರು ಹೋಗುವ ಕ್ರೇಗ್ ಎಂಬ ಊರಿಗೆ ಹತ್ತಿರ ಹತ್ತಿರ 1,470 ಮೈಲಿ. ಬೆಂಗಳೂರಿನಿಂದ ದೆಹಲಿಗೆ ಹೋಗುವುದಕ್ಕಿಂತ ಜಾಸ್ತಿ. ಹೋಗಿ ಬರುವುದು, ಅಲ್ಲಿ ಸುತ್ತಾಡುವುದು ಎಲ್ಲಾ ಸೇರಿದರೆ 5 ಸಾವಿರ ಕಿಲೋಮೀಟರ್. ತಮಾಷೆ ಕೇಳಿ, ಕಳೆದ 3 ವರ್ಷವೂ ಬರಿಗೈಯಲ್ಲಿ ವಾಪಸ್ ಬಂದಿದ್ದಾರೆ. ಹೇಗಿತ್ತು ಅಂದರೆ ಮುಖ ಅರಳಿಸಿ "ಬಹಳ ಚೆನ್ನಾಗಿತ್ತು" ಅನ್ನುತ್ತಾರೆ!

ಈ ಸಲ ನನ್ನನ್ನೂ ಬಾ ಅಂತ ಕರೆಯುತ್ತಿದ್ದಾರೆ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಜನ್ಮದಲ್ಲಿ ಕೋವಿ ಮುಟ್ಟಿಲ್ಲ. ನಮ್ಮವರು ಯಾರಾದರೂ ಹೀಗೆ ಹೋಗಿದ್ದೀರಾ? ನಿಜಕ್ಕೂ ಎಷ್ಟು ಖರ್ಚಾಗುತ್ತದೆ? ಅವರನ್ನು ಕೇಳಿದರೆ ನಕ್ಕು ಮಾತು ಮರೆಸುತ್ತಾರೆ.

ಸಪ್ಪೆಸಾರು

ಅಷ್ಟು ದೂರ ಹೋಗಿ ಒಂದು ಮೂಕ ಪ್ರಾಣಿಗೆ ಗುಂಡು ಹೊಡೆಯಬೇಕಾ? ಕ್ಯಾಮೆರಾ ತಗೊಂಡು ಹೋಗಲಿ. ಅಷ್ಟೇ ನಾನು ಹೇಳುವುದು.

ಹೆತ್ತೂರು_ಹುಡುಗ

ಹುಡುಗ ಅಂತ ಹೆಸರಿಟ್ಟುಕೊಂಡಿದ್ದರೂ ವಯಸ್ಸು 46. ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ 18 ವರ್ಷದಿಂದ ಇದ್ದೇನೆ. ಕೊಲರಾಡೊಗೆ 4 ಸಲ ಹೋಗಿದ್ದೇನೆ, ಸಿಕ್ಕಿದ್ದು ಒಂದು ಎಲ್ಕ್. ನನ್ನ ಹತ್ತಿರ ಎಕ್ಸೆಲ್ ಶೀಟೇ ಇದೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಮೊದಲು ಲೈಸೆನ್ಸ್. ಕೊಲರಾಡೊದವರೇ ಆದರೆ ಎಲ್ಕ್ ಲೈಸೆನ್ಸ್‌ಗೆ ನೂರು ಡಾಲರ್ ಒಳಗೇ ಮುಗಿಯುತ್ತದೆ. ನಮ್ಮಂಥ ಹೊರರಾಜ್ಯದವರಿಗೆ 800 ಡಾಲರ್ ಆಸುಪಾಸು. ಹತ್ತು ಪಟ್ಟಿಗಿಂತ ಜಾಸ್ತಿ, ಮೈಸೂರು ಅರಮನೆಯಲ್ಲಿ ವಿದೇಶಿಯರಿಗೆ ಬೇರೆ ಟಿಕೆಟ್ ಇಡೋ ಹಾಗೆ ಅಂದುಕೊಳ್ಳಿ. ಅದರ ಮೇಲೆ ಹ್ಯಾಬಿಟಾಟ್ ಸ್ಟ್ಯಾಂಪ್ ಅಂತ ಒಂದು, ಕಾಡುಪ್ರಾಣಿಗಳ ನೆಲೆ ಉಳಿಸಲು ಕೊಡುವ ಫೀಸು. ಕಾಡಿನಲ್ಲಿ ಕಳೆದುಹೋದರೆ ಹುಡುಕಲು ಬರುವವರಿಗೆ ಅಂತ 25 ಸೆಂಟ್ ಕೂಡ ಲೈಸೆನ್ಸ್ ಫೀಸಿನಲ್ಲೇ ಸೇರಿರುತ್ತದೆ. ಇಡೀ ಬಿಲ್ಲಿನಲ್ಲಿ ನನಗೆ ಹೊಟ್ಟೆ ಉರಿಯದೆ ಕೊಟ್ಟ ದುಡ್ಡು ಅಂದರೆ ಆ 25 ಸೆಂಟ್ ಮಾತ್ರ.

ಪೆಟ್ರೋಲ್. 3,100 ಮೈಲಿ, ನನ್ನ ಟ್ರಕ್ ಗ್ಯಾಲನ್‌ಗೆ 18 ಮೈಲಿ ಕೊಡುತ್ತದೆ. 530 ಡಾಲರ್ ಚಿಲ್ಲರೆ, ಮೂರು ಜನ ಹಂಚಿಕೊಂಡರೆ ತಲೆಗೆ 180. ಹೋಗುವಾಗ ನೆಬ್ರಾಸ್ಕದಲ್ಲಿ ಒಂದು ರಾತ್ರಿ, ಬರುವಾಗ ಅಯೋವಾದಲ್ಲಿ ಒಂದು ರಾತ್ರಿ ಮೋಟೆಲ್. ಊಟ ತಿಂಡಿ, ಐಸು, ಪ್ರೊಪೇನ್ ಸಿಲಿಂಡರ್. ಇವೆಲ್ಲ ಪ್ರತಿ ವರ್ಷದ ಖರ್ಚು. ಜೊತೆಗೆ ಪ್ರತಿ ವರ್ಷ ಏನಾದರೂ ಒಂದು ಮುರಿಯುತ್ತದೆ, ಇಲ್ಲ ಮರೆತುಹೋಗುತ್ತದೆ. ಒಂದು ವರ್ಷ ಬೂಟಿನ ಅಡಿ ಕಿತ್ತುಹೋಗಿ ಕ್ರೇಗ್‌ನಲ್ಲೇ 280 ಕೊಟ್ಟು ಹೊಸದು ತಗೊಂಡೆ. ಇನ್ನೊಂದು ವರ್ಷ ಟೈರು. ಎಲ್ಲಾ ಸೇರಿ ಸರಾಸರಿ ವರ್ಷಕ್ಕೆ 2,200 ಡಾಲರ್. ರೈಫಲ್, ಸ್ಕೋಪ್, ದುರ್ಬೀನು, ಚಳಿ ತಡೆಯುವ ಸ್ಲೀಪಿಂಗ್ ಬ್ಯಾಗ್ ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಶೀಟು ತೆಗೆಯಲು ನನಗೇ ಧೈರ್ಯ ಬರುವುದಿಲ್ಲ.

ಈಗ ಕೇಳಿ. 4 ವರ್ಷಕ್ಕೆ 8,800 ಡಾಲರ್. ಸಿಕ್ಕ ಒಂದೇ ಎಲ್ಕ್‌ನಲ್ಲಿ ಮೂಳೆ ಬಿಟ್ಟು 75 ಕಿಲೋ ಮಾಂಸ. ಕಿಲೋಗೆ 117 ಡಾಲರ್! ಇದನ್ನು ಹೆಂಡತಿಗೆ ತೋರಿಸಿದ ದಿನ ಅವಳು ಒಂದೇ ಮಾತು ಹೇಳಿದ್ದು, "ಕಾಸ್ಟ್‌ಕೋದಲ್ಲಿ ಕುರಿ ತೊಡೆ ಎಷ್ಟಿದೆ ಅಂತ ಆ ಶೀಟಿನಲ್ಲಿ ಒಂದು ಕಾಲಂ ಹಾಕ್ರೀ."

ಗಡ್ಡದಣ್ಣ 3 ವರ್ಷ ಬರಿಗೈಯಲ್ಲಿ ಬಂದದ್ದರಲ್ಲಿ ಆಶ್ಚರ್ಯವೇ ಇಲ್ಲ. ಗೈಡ್ ಇಲ್ಲದೆ ಸರ್ಕಾರಿ ಕಾಡಿನಲ್ಲಿ ಹೋಗುವವರಲ್ಲಿ ಐದು ಜನಕ್ಕೆ ಒಬ್ಬರಿಗೆ ಸಿಕ್ಕರೆ ಅದೇ ಹೆಚ್ಚು.

ಸಪ್ಪೆಸಾರು

ಕಿಲೋಗೆ 117 ಡಾಲರ್! ಅಂದರೆ 10 ಸಾವಿರ ರೂಪಾಯಿ! ಅಷ್ಟು ದುಡ್ಡಿಗೆ ನಾನು ಒಂದು ಕಿಲೋ ಗೋಡಂಬಿಯನ್ನು ಹತ್ತು ಸಲ ತಿನ್ನುತ್ತೇನೆ.

ಹೆತ್ತೂರು_ಹುಡುಗ

ಮೇಡಂ, ಮಾಂಸದ ಲೆಕ್ಕ ಹಿಡಿದರೆ ಯಾರೂ ಹೋಗುವುದಿಲ್ಲ. ಮೀನು ಹಿಡಿಯುವವರ ಲೆಕ್ಕ ಇದಕ್ಕಿಂತ ಕೆಟ್ಟದಾಗಿದೆ, ಅವರು ದೋಣಿಯನ್ನೇ ಕೊಂಡುಕೊಂಡಿರುತ್ತಾರೆ.

ಕಡತದ_ಕಮಲ

ನೋವೈಯವರೇ, ಎಚ್-1ಬಿ ಅಂದಿರಿ, ಅದಕ್ಕೆ ಒಂದು ಮಾತು. ಸಾಮಾನ್ಯವಾಗಿ ನಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ತಪ್ಪು. ಅದಕ್ಕೆ ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಆಯಿತು. ನಂಬಲು ಕಷ್ಟ ಆದರೂ ಹೌದು, ಮೊದಲು ಬೇಟೆಯ ಚೀಟಿ, ಆಮೇಲೆ ಕೋವಿ. ಅದು ಇಲ್ಲದೆ ಗೆಳೆಯರ ರೈಫಲ್ ಸುಮ್ನೆ ಹಿಡಿದು ಫೋಟೊ ತೆಗೆಸಿಕೊಳ್ಳಲು ಕೂಡ ಹೋಗಬೇಡಿ. ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯುತ್ತಿರುವವರು ಇನ್ನೂ ಹುಷಾರಾಗಿರಬೇಕು. ರಾಜ್ಯದ ನಿಯಮ ಬೇರೆ ಇರಬಹುದು, ವಕೀಲರನ್ನು ಒಂದು ಮಾತು ಕೇಳಿ.

ಅಡುಗೆ ಮಾಡಲು, ನೋಡಲು ಜೊತೆಗೆ ಹೋದರೆ ಯಾವ ಲೈಸೆನ್ಸೂ ಬೇಡ.

ಮ್ಯಾಕಿನಾ_ದಾಟಿದವ

ನನಗೆ ಅರ್ಥ ಆಗದ್ದು ಬೇರೆ. ಮಿಶಿಗನ್‌ನಲ್ಲಿ ಜಿಂಕೆಗೆ ಬರವೇ? ನಮ್ಮ ಹಿತ್ತಲಿನ ಟೊಮೆಟೊ ಗಿಡ ಉಳಿಯುತ್ತಿಲ್ಲ. ಇಲ್ಲಿನವರಿಗೆ ಬೇಸ್ ಲೈಸೆನ್ಸ್ 11 ಡಾಲರ್, ಜಿಂಕೆಗೆ 20 ಡಾಲರ್. 31 ಡಾಲರ್‌ನಲ್ಲಿ ಮುಗಿಯಿತು. ಕೋವಿಯಲ್ಲಿ ಜಿಂಕೆ ಬೇಟೆ ಶುರುವಾಗುವ ನವೆಂಬರ್ 15 ಇಲ್ಲಿ ಹಬ್ಬ. ಕೆಲವು ಕಡೆ ಶಾಲೆಗೇ ರಜೆ ಕೊಡುತ್ತಾರೆ. ಹಿಂದಿನ ದಿನ ಮ್ಯಾಕಿನಾ ಸೇತುವೆ ನೋಡಬೇಕು ನೀವು, 5 ಮೈಲಿ ಉದ್ದದ ಸೇತುವೆ, ಮಿಶಿಗನ್‌ನ ಉತ್ತರದ ಭಾಗಕ್ಕೆ ಹೋಗುವ ಟ್ರಕ್ಕುಗಳ ಸಾಲು, ಎಲ್ಲರ ಮೈಮೇಲೂ ಬೇಟೆಗಾರರು ಹಾಕುವ ಕಿತ್ತಳೆ ಬಣ್ಣದ ಜಾಕೆಟ್. ಗೌರಿ ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ನಾನು ಹೋಗುವುದು ಅಷ್ಟೂ ಇಲ್ಲ, ಮನೆಯಿಂದ 20 ನಿಮಿಷ.

ಮತ್ತೆ ಯಾಕೆ ಆ ಕೊಲರಾಡೊ?

ಹೆತ್ತೂರು_ಹುಡುಗ

@ಮ್ಯಾಕಿನಾ_ದಾಟಿದವ, ಒಂದು ಸಲ ಬನ್ನಿ ಅಣ್ಣ, ಮಾತಿನಲ್ಲಿ ಹೇಳಲು ಬರುವುದಿಲ್ಲ. ಬೆಳಗಿನ ಜಾವ, ಇನ್ನೂ ನಕ್ಷತ್ರ ಇರುವಾಗ, ಕಣಿವೆ ಆಚೆಯಿಂದ ಗಂಡು ಎಲ್ಕ್ ಕೂಗುವುದು ಕೇಳಬೇಕು. ಅಷ್ಟು ದೊಡ್ಡ ಮೈಯಿಂದ ಕೊಳಲು ಊದಿದ ಹಾಗೆ ಸಣ್ಣ ಸೀಟಿ ಬರುತ್ತದೆ. ಅದು ಸೆಪ್ಟೆಂಬರ್‌ನಲ್ಲಿ ಜಾಸ್ತಿ, ಬಿಲ್ಲು ಬಾಣದವರ ಕಾಲ. ನಾನು ಮೊದಲ ಎರಡು ಸಲ ಹೋಗಿದ್ದು ಬಿಲ್ಲಿನಲ್ಲೇ. ಆಗ ಅಂಗಡಿಗೆ ಹೋಗಿ ದುಡ್ಡು ಕೊಟ್ಟರೆ ಲೈಸೆನ್ಸ್ ಸಿಗುತ್ತಿತ್ತು. 2025ರಿಂದ ಹೊರರಾಜ್ಯದವರಿಗೆ ಹೆಚ್ಚಿನ ಕಡೆ ಆ ಬಾಗಿಲು ಮುಚ್ಚಿತು, ಅಲ್ಲಿ ಬಿಲ್ಲಿಗೂ ಈಗ ಲಾಟರಿಯೇ ಗತಿ. ಸ್ಥಳೀಯರು ಬಹಳ ವರ್ಷದಿಂದ ಗೊಣಗುತ್ತಿದ್ದರು, ನಮ್ಮ ಕಾಡಿನಲ್ಲಿ ಟೆಕ್ಸಾಸ್, ಮಿಶಿಗನ್ ನಂಬರ್ ಪ್ಲೇಟೇ ಜಾಸ್ತಿ ಆಯಿತು ಅಂತ. ಅವರ ಮಾತಿನಲ್ಲೂ ನ್ಯಾಯ ಇದೆ ಬಿಡಿ.

ಲಾಟರಿ ಅಂದರೆ ಏಪ್ರಿಲ್ ಮೊದಲ ಮಂಗಳವಾರ ರಾತ್ರಿ 8ರ ಒಳಗೆ ಅರ್ಜಿ ಹಾಕಬೇಕು. ಸಿಗದಿದ್ದರೆ ಒಂದು ಪಾಯಿಂಟ್ ಕೊಡುತ್ತಾರೆ, ಮುಂದಿನ ವರ್ಷದ ಸಾಲಿನಲ್ಲಿ ಒಂದು ಮೆಟ್ಟಿಲು ಮುಂದೆ. ರಾಜ್ಯದ ವಾಯವ್ಯ ಮೂಲೆಯಲ್ಲಿ ದೊಡ್ಡ ಕೊಂಬಿನ ಎಲ್ಕ್ ಇರುವ ಕೆಲವು ಯೂನಿಟ್‌ಗಳಿವೆ (ಯೂನಿಟ್ ಅಂದರೆ ಬೇಟೆಗೆ ಗುರುತಿಸಿದ ವಲಯ), ಅಲ್ಲಿಗೆ 20 ವರ್ಷಕ್ಕೂ ಜಾಸ್ತಿ ಪಾಯಿಂಟ್ ಬೇಕು. ಅರ್ಜಿ ಹಾಕಲು ಪ್ರತಿ ವರ್ಷ ಒಂದು ಸಣ್ಣ ಲೈಸೆನ್ಸ್ ಕಡ್ಡಾಯವಾಗಿ ಕೊಳ್ಳಬೇಕು, ನಮಗೆ ಅದು 100 ಡಾಲರ್ ಹತ್ತಿರ. 20 ವರ್ಷ ಕಟ್ಟಿದರೆ ಕಾಡಿಗೆ ಕಾಲಿಡುವ ಮೊದಲೇ 2 ಸಾವಿರ ಡಾಲರ್ ಹೋಯಿತು. ಬಿಡಿಎ ಸೈಟಿಗೆ ಅರ್ಜಿ ಹಾಕಿ ಕೂತ ನಮ್ಮ ಚಿಕ್ಕಪ್ಪನ ನೆನಪಾಗುತ್ತದೆ ನನಗೆ.

ವಯೋಮಿಂಗ್_ಒಂಟಿ_ಕನ್ನಡಿಗ

ಈ ಊರಿನಲ್ಲಿ ಕನ್ನಡ ಓದಲು ಸಿಗುವುದೇ ಅಪರೂಪ, ಅದರಲ್ಲೂ ನಮ್ಮ ಕಡೆಯ ವಿಷಯ! ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ದೂರದಿಂದ ಬರುವವರು ಎಂಥ ಕಷ್ಟ ಪಡುತ್ತಾರೆ ಅನ್ನುವುದಕ್ಕೆ ನಮ್ಮಲ್ಲಿಯ ಏಣಿ ಕೇಸ್ ನೋಡಿ. ದಕ್ಷಿಣ ವಯೋಮಿಂಗ್‌ನಲ್ಲಿ ಜಮೀನು ಚದುರಂಗದ ಮಣೆ ಇದ್ದ ಹಾಗೆ ಹಂಚಿಹೋಗಿದೆ. ಒಂದು ಚದರ ಮೈಲಿ ಸರ್ಕಾರದ್ದು, ಪಕ್ಕದ್ದು ಖಾಸಗಿ, ಮತ್ತೆ ಸರ್ಕಾರದ್ದು. 1860ರ ದಶಕದಲ್ಲಿ ರೈಲು ಹಾಕಿಸಲು ಕಂಪನಿಗೆ ಒಂದು ಬಿಟ್ಟು ಒಂದು ಚೌಕ ಕೊಟ್ಟಿದ್ದರ ಫಲ ಇದು. ಸರ್ಕಾರದ ಚೌಕದಲ್ಲಿ ಯಾರು ಬೇಕಾದರೂ ಬೇಟೆ ಆಡಬಹುದು, ಆದರೆ ಅಲ್ಲಿಗೆ ಹೋಗುವುದು ಹೇಗೆ? ಎರಡು ಸರ್ಕಾರಿ ಚೌಕಗಳು ಮೂಲೆಯಲ್ಲಿ ಮಾತ್ರ ಒಂದಕ್ಕೊಂದು ತಾಗುತ್ತವೆ.

2021ರಲ್ಲಿ ಮಿಸೂರಿಯಿಂದ ನಾಲ್ಕು ಜನ ಇಲ್ಲಿಯ ಎಲ್ಕ್ ಮೌಂಟನ್ ಅನ್ನುವ ಬೆಟ್ಟಕ್ಕೆ ಬೇಟೆಗೆ ಬಂದರು. ಖಾಸಗಿ ನೆಲಕ್ಕೆ ಕಾಲು ತಾಗಬಾರದು ಅಂತ ಮನೆಯಲ್ಲೇ ಕಬ್ಬಿಣದ ಏಣಿ ಮಾಡಿಸಿಕೊಂಡು, ಟ್ರಕ್ಕಿನಲ್ಲಿ ಹೇರಿಕೊಂಡು ಬಂದಿದ್ದರು. ಮೂಲೆಯ ಆ ಕಡೆ ಈ ಕಡೆ ಏಣಿಯ ಕಾಲು ಊರಿ, ಹತ್ತಿ, ಆಚೆ ಇಳಿದರು. ಖಾಸಗಿ ಮಣ್ಣು ಮುಟ್ಟಲಿಲ್ಲ, ಗಾಳಿಯಲ್ಲಿ ಹಾದುಹೋದರು ಅಷ್ಟೇ. ಪಕ್ಕದ ರಾಂಚ್ ಮಾಲೀಕರು ಬಿಡಲಿಲ್ಲ, ಅತಿಕ್ರಮಣ ಅಂತ ಪೊಲೀಸ್ ಕೇಸ್ ಆಯಿತು. 2022ರಲ್ಲಿ ಜ್ಯೂರಿ ಇವರನ್ನು ಬಿಟ್ಟಿತು. ಆಮೇಲೆ ಸಿವಿಲ್ ಕೇಸ್, ನನ್ನ ಆಸ್ತಿಯ ಬೆಲೆ 70 ಲಕ್ಷ ಡಾಲರ್‌ಗೂ ಜಾಸ್ತಿ ಬಿತ್ತು ಅಂತ. 2025ರ ಮಾರ್ಚ್‌ನಲ್ಲಿ ಡೆನ್ವರ್‌ನ ಮೇಲ್ಮನವಿ ಕೋರ್ಟ್ ಕೂಡ ಬೇಟೆಗಾರರ ಪರವಾಗಿಯೇ ಹೇಳಿತು. ನಾವು ಊರಿನಲ್ಲಿ ಬೇಲಿ ಒಂದು ಗೇಣು ಜರುಗಿತು ಅಂತ 30 ವರ್ಷ ಕೋರ್ಟಿಗೆ ಅಲೆಯುವವರು. ಇವರು ಬೇಲಿ ಮೇಲಿನ ಗಾಳಿಗಾಗಿ ಅಲೆದರು!

ಇನ್ನೊಂದು. ಹೊರರಾಜ್ಯದವರು ವಯೋಮಿಂಗ್‌ನ ವೈಲ್ಡರ್‌ನೆಸ್ ಅಂತ ಗುರುತಿಸಿದ ಕಾಡಿನಲ್ಲಿ ದೊಡ್ಡ ಪ್ರಾಣಿಯ ಬೇಟೆ ಆಡಬೇಕಾದರೆ ಗೈಡ್ ಬೇಕು, ಇಲ್ಲ ಇಲ್ಲಿನವರೊಬ್ಬರು ಜೊತೆಗಿರಬೇಕು. ಅದೇ ಕಾಡಿನಲ್ಲಿ ಅದೇ ಮನುಷ್ಯ ಒಬ್ಬನೇ ಟ್ರೆಕ್ಕಿಂಗ್ ಹೋಗಬಹುದು, ಮೀನು ಹಿಡಿಯಬಹುದು. ರೈಫಲ್ ಹಿಡಿದ ಕೂಡಲೇ ದಾರಿ ತಪ್ಪುತ್ತಾನೆ ಅಂತ ಲೆಕ್ಕ. ಗೈಡ್ ಅಂದರೆ ಖರ್ಚು ಸಾವಿರಗಳಲ್ಲಿ ಏರುತ್ತದೆ. ಇದು ಗೈಡ್‌ಗಳ ಹೊಟ್ಟೆಪಾಡಿಗೆ ಮಾಡಿದ ಕಾನೂನು ಅನ್ನುವುದು ನನ್ನ ಅನುಮಾನ, ಇಲ್ಲಿನವರ ಮುಂದೆ ಮಾತ್ರ ಹೇಳುವುದಿಲ್ಲ.

ಕೊಡಗಿನ_ಕಾಫಿ

ಓದಿ ನಗು ಬಂತು. ನಮ್ಮ ತಾತ ಬೇಟೆಗೆ ಹೋಗುತ್ತಿದ್ದ ದೂರ ಎಂದರೆ ತೋಟದ ಹಿಂದಿನ ಗುಡ್ಡ. ಖರ್ಚು, ಎರಡು ತೋಟೆ. ಊರಿನವರೆಲ್ಲ ಸೇರುತ್ತಿದ್ದರು, ಕೆಲವರು ನಾಯಿ ಹಿಡಿದುಕೊಂಡು ಕಾಡಿಗೆ ನುಗ್ಗಿ ಗಲಾಟೆ ಎಬ್ಬಿಸುತ್ತಿದ್ದರು, ಕೋವಿ ಇದ್ದವರು ಹಂದಿ ಹಾಯುವ ಜಾಗ ನೋಡಿ ಕಾಯುತ್ತಿದ್ದರು. ಈಡು ಹೊಡೆದವನಿಗೆ ಒಂದು ಪಾಲು ಜಾಸ್ತಿ. ನಾಯಿಗೂ ಪಾಲು ಇರುತ್ತಿತ್ತು. ನಾನು ಹುಟ್ಟುವ ಹೊತ್ತಿಗೆ 1972ರ ಕಾಯ್ದೆ ಬಂದು ಎಲ್ಲಾ ನಿಂತಿತ್ತು. ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ ನಿಜ, ಹಾಗಂತ ಹೊಡೆಯಲು ಏನೂ ಇಲ್ಲ. ಕೈಲ್ ಪೊಳ್ದ್ ದಿನ ಕೋವಿ ಒರೆಸಿ ಹೂವಿಟ್ಟು ಪೂಜೆ ಮಾಡಿ ಮೈದಾನಕ್ಕೆ ಹೋಗುತ್ತೇವೆ. ಮರದ ಮೇಲಿನ ತೆಂಗಿನಕಾಯಿಗೆ ಗುಂಡು. ಹಂದಿ ಅಂಗಡಿಯಿಂದ ಬರುತ್ತದೆ.

ಅಮೆರಿಕದವರು ಬೇಟೆಗಾಗಿ ಅಷ್ಟು ದೂರ ಹೋಗುತ್ತಾರೆ. ನಮಗೆ ಹಂದಿಯೇ ಮನೆ ಬಾಗಿಲಿಗೆ ಬಂದು ಗದ್ದೆ ಉತ್ತು ಹೋಗುತ್ತದೆ. ಏನು ಮಾಡುವುದು ಹೇಳಿ?

ಸಪ್ಪೆಸಾರು

@ಕೊಡಗಿನ_ಕಾಫಿ, ಆ ಕಾಯ್ದೆ ಬರದಿದ್ದರೆ ಇವತ್ತು ನಾಗರಹೊಳೆಯಲ್ಲಿ ಏನು ಉಳಿದಿರುತ್ತಿತ್ತು ಅಂತಲೂ ಯೋಚಿಸಿ.

ಕೊಡಗಿನ_ಕಾಫಿ

ಯೋಚಿಸಿದ್ದೇನೆ ಅಕ್ಕ. ಅದಕ್ಕೇ ತೆಂಗಿನಕಾಯಿಗೆ ಹೊಡೆಯುತ್ತಿರುವುದು.

ಲೆಕ್ಕದ_ಮೇಷ್ಟ್ರು

ಎಲ್ಕ್ ಎಲ್ಲಾ ಬಡವರ ಆಟ. ದೊಡ್ಡ ಲೆಕ್ಕ ನಾನು ಹೇಳುತ್ತೇನೆ.

ಅಲಾಸ್ಕದಲ್ಲಿ ಡಾಲ್ ಕುರಿ ಅಂತ ಬಿಳಿ ಕಾಡುಕುರಿ ಇದೆ. ಹೊರರಾಜ್ಯದವರಿಗೆ ಗೈಡ್ ಕಡ್ಡಾಯ, 20 ಸಾವಿರ ಡಾಲರ್ ಆರಾಮಾಗಿ ದಾಟುತ್ತದೆ. ಮೊಂಟಾನದಲ್ಲಿ ವರ್ಷಕ್ಕೊಂದು ಬಿಗ್‌ಹಾರ್ನ್ ಕುರಿ ಲೈಸೆನ್ಸ್ ಹರಾಜು ಹಾಕುತ್ತಾರೆ, 2013ರಲ್ಲಿ ಅದು ಹೋಗಿದ್ದು 4 ಲಕ್ಷದ 80 ಸಾವಿರ ಡಾಲರ್‌ಗೆ. ಒಂದು ಕುರಿಗೆ! 2014ರಲ್ಲಿ ಡಲ್ಲಾಸ್‌ನಲ್ಲಿ ನಮೀಬಿಯಾದ ಕಪ್ಪು ಘೇಂಡಾಮೃಗದ ಪರ್ಮಿಟ್ ಮೂರೂವರೆ ಲಕ್ಷ ಡಾಲರ್‌ಗೆ ಹರಾಜಾದಾಗ ಕೂಗಾಡದವರೇ ಇರಲಿಲ್ಲ. ಮರುವರ್ಷ ಜಿಂಬಾಬ್ವೆಯಲ್ಲಿ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ಬೇಟೆಗಾರನೊಬ್ಬ ಕೊಂದಾಗ ಇನ್ನೂ ಜೋರು.

ನನಗೆ ಇದರಲ್ಲಿ ಕುತೂಹಲ ಅನ್ನಿಸಿದ್ದು ಪಾಕಿಸ್ತಾನ. ಗಿಲ್ಗಿಟ್, ಚಿತ್ರಾಲ್ ಕಡೆ ಮಾರ್ಖೋರ್ ಅಂತ ಕಾಡುಮೇಕೆ, ಕೊಂಬು ತಿರುಪಿನ ಮೊಳೆ ಇದ್ದ ಹಾಗೆ. ವರ್ಷಕ್ಕೆ ಕೈಬೆರಳೆಣಿಕೆಯಷ್ಟು ಪರ್ಮಿಟ್ ಮಾತ್ರ, ಅದೂ ವಯಸ್ಸಾದ ಗಂಡಿಗೆ. 2019ರಲ್ಲಿ ಅಮೆರಿಕದವರೊಬ್ಬರು 1 ಲಕ್ಷದ 10 ಸಾವಿರ ಡಾಲರ್ ಕೊಟ್ಟು ಹೊಡೆದರು. ಈಚೆಗೆ ಅದು ಎರಡು ಲಕ್ಷ ದಾಟಿದೆ. ದುಡ್ಡಿನಲ್ಲಿ ನೂರಕ್ಕೆ 80 ಭಾಗ ಆ ಹಳ್ಳಿಗಳಿಗೇ ಹೋಗಬೇಕು ಅಂತ ನಿಯಮ. ಮೊದಲು ಕದ್ದು ಹೊಡೆದು ತಿನ್ನುತ್ತಿದ್ದವರೇ ಈಗ ಕಾವಲು ಕಾಯುತ್ತಾರೆ. 2015ರಲ್ಲಿ ಮಾರ್ಖೋರನ್ನು ಅಪಾಯದಲ್ಲಿರುವ ಪ್ರಾಣಿಗಳ ಸಾಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಸಿದರು, ಅಂದರೆ ಸಂಖ್ಯೆ ಚೇತರಿಸಿತು. ಎಲ್ಲಾ ಇದರಿಂದಲೇ ಆಯಿತು ಅನ್ನಲ್ಲ. ಆದರೆ ಮೇಕೆ ಸತ್ತರೆ ಊರಿಗೆ ಲಾಭ, ಬದುಕಿದ್ದರೆ ಮುಂದಿನ ವರ್ಷ ಇನ್ನೂ ಲಾಭ, ಈ ಲೆಕ್ಕ ಹಳ್ಳಿಯವನಿಗೆ ಬೇಗ ಅರ್ಥ ಆಗುತ್ತದೆ.

ಅಮೆರಿಕದಲ್ಲೂ ಅಷ್ಟೇ. 1937ರ ಒಂದು ಕಾನೂನಿದೆ, ಪಿಟ್‌ಮನ್-ರಾಬರ್ಟ್‌ಸನ್. ರೈಫಲ್, ಗುಂಡಿನ ಮೇಲೆ ನೂರಕ್ಕೆ 11 ತೆರಿಗೆ, ಅದು ನೇರ ರಾಜ್ಯಗಳ ವನ್ಯಜೀವಿ ಇಲಾಖೆಗೆ. ಲೈಸೆನ್ಸ್ ದುಡ್ಡೂ ಬೇರೆಡೆ ತಿರುಗಿಸುವ ಹಾಗಿಲ್ಲ. ಫೆಡರಲ್ ಸರ್ಕಾರದ 2022ರ ಸರ್ವೆಯಲ್ಲಿ ಬೇಟೆಗಾರರು 1 ಕೋಟಿ 44 ಲಕ್ಷ, ಖರ್ಚು 4,500 ಕೋಟಿ ಡಾಲರ್ ಮೇಲೆ. ಭಾಗಿಸಿ ನೋಡಿ, ತಲೆಗೆ 3 ಸಾವಿರ ಡಾಲರ್ ಮೀರುತ್ತದೆ. ಹೆತ್ತೂರಿನವರ 2,200 ಏನೂ ಅಲ್ಲ, ಅವರ ಹೆಂಡತಿಗೆ ಇದನ್ನು ತೋರಿಸಲಿ.

ಹೆತ್ತೂರು_ಹುಡುಗ

ಮೇಷ್ಟ್ರೇ, ನನ್ನ ಎಕ್ಸೆಲ್ ಶೀಟಿನಲ್ಲಿ ರೈಫಲ್ ಸೇರಿಸಿಲ್ಲ ಅಂತ ಮೊದಲೇ ಹೇಳಿದ್ದೆನಲ್ಲ. ಅದನ್ನು ಇಲ್ಲಿ ಎಬ್ಬಿಸಬೇಡಿ ದಯವಿಟ್ಟು.

ಸಪ್ಪೆಸಾರು

ಲಕ್ಷಾಂತರ ಡಾಲರ್ ಇರುವವನು ಹಳ್ಳಿಗೆ ಸುಮ್ನೆ ದಾನ ಕೊಟ್ಟರೆ ಆಗಲ್ವಾ? ಹೊಡೆದೇ ಕೊಡಬೇಕಾ?

ಲೆಕ್ಕದ_ಮೇಷ್ಟ್ರು

ಕೊಟ್ಟರೆ ಬೇಡ ಅನ್ನುವವರು ಯಾರು? ಕೊಡುವುದಿಲ್ಲ, ಅದೇ ತೊಂದರೆ.

ಲೆನ್ಸು_ಸಾಲ

ಕ್ಯಾಮೆರಾದವರು ಏನೋ ಪುಗಸಟ್ಟೆ ಸುತ್ತುತ್ತೇವೆ ಅನ್ನುವ ಹಾಗೆ ಯಾರೋ ಮೇಲೆ ಬರೆದಿದ್ದಾರೆ. ಕಬಿನಿಗೆ ಕಳೆದ ವರ್ಷ 7 ಸಲ ಹೋಗಿದ್ದೇನೆ, ಹುಲಿ ಕಂಡಿದ್ದು ಎರಡು ಸಲ. ರೂಮು, ಸಫಾರಿ, ಕ್ಯಾಮೆರಾಕ್ಕೆ ಬೇರೆ ಫೀಸು. 600 ಎಂಎಂ ಪ್ರೈಮ್ ಲೆನ್ಸ್ ಒಂದಕ್ಕೇ ಹತ್ತು ಲಕ್ಷ ದಾಟುತ್ತದೆ, ನನ್ನದು ಇಎಂಐ ನಡೆಯುತ್ತಿದೆ. ಕಿಲೋಗೆ 117 ಡಾಲರ್ ಅಂತ ನಗುತ್ತಿದ್ದೀರಿ. ನನ್ನದು ಒಂದು ಫೋಟೊಗೆ ಎಷ್ಟಾಯಿತು ಅಂತ ಲೆಕ್ಕ ಹಾಕುವ ಧೈರ್ಯ ನನಗಿಲ್ಲ. ಅದರಲ್ಲೂ ಒಂದರಲ್ಲಿ ಹುಲಿಯ ಹಿಂಭಾಗ ಮಾತ್ರ ಬಂದಿದೆ.

ಹೆತ್ತೂರು_ಹುಡುಗ

@ನೋವೈ_ನಿವಾಸಿ, ಹೋಗುವುದಾದರೆ ಎರಡು ಕಿವಿಮಾತು. ಕ್ಯಾಂಪ್ 9 ಸಾವಿರ ಅಡಿ ಮೇಲೆ ಇರುತ್ತದೆ, ಮೊದಲ ದಿನ ತಲೆನೋವು ಗ್ಯಾರಂಟಿ. ನೀರು ಜಾಸ್ತಿ ಕುಡಿಯಿರಿ. ಇನ್ನೊಂದು, ಎಲ್ಕ್ ಬಿದ್ದರೆ ಆಗ ಶುರು ನಿಜವಾದ ಕೆಲಸ. ಒಂದೊಂದು ಹಿಂದೊಡೆ 25 ಕಿಲೋ ಬರುತ್ತದೆ, ಬೆನ್ನ ಮೇಲೆ ಹೊತ್ತು ಇಳಿಸಬೇಕು. ನಮ್ಮದು ಮೂರು ಮೈಲಿ, ಮೂರು ಸಲ ಹತ್ತಿ ಇಳಿದೆವು. ತಲೆ, ಬೆನ್ನುಮೂಳೆ ಸಮೇತ ಮಿಶಿಗನ್‌ಗೆ ತರುವ ಹಾಗಿಲ್ಲ. ಸಿಡಬ್ಲ್ಯುಡಿ ಅಂತ ಜಿಂಕೆ ಜಾತಿಗೆ ಬರುವ ಮಿದುಳಿನ ರೋಗ ಇದೆ, 1967ರಲ್ಲಿ ಮೊದಲು ಕಂಡಿದ್ದೇ ಕೊಲರಾಡೊದಲ್ಲಿ. ಅದಕ್ಕೇ ಅಲ್ಲೇ ಮೂಳೆ ಬಿಡಿಸಿ ತರುವುದು. ತುಂಡು ಹಾಕುವ ಅಂಗಡಿಯವರಿಗೆ ಕೊಟ್ಟರೆ ಅದಕ್ಕೆ ಬೇರೆ ದುಡ್ಡು.

ನೋವೈ_ನಿವಾಸಿ

ಎಲ್ಲರಿಗೂ ಥ್ಯಾಂಕ್ಸ್. ಅಡುಗೆಭಟ್ಟನಾಗಿ ಬರುತ್ತೇನೆ ಅಂತ ಹೇಳಿದ್ದೇನೆ. ಹೋಗಿ ಬಂದು ಬರೆಯುತ್ತೇನೆ.

ನೋವೈ_ನಿವಾಸಿ (ಮೂರು ವಾರದ ಮೇಲೆ)

ಬಂದೆ. ಮೊದಲು ಫಲಿತಾಂಶ, ಎಲ್ಕ್ ಇಲ್ಲ. ನಾಲ್ಕನೇ ವರ್ಷವೂ ಬರಿಗೈ.

ದಾರಿ ಬಗ್ಗೆ ಏನು ಹೇಳಲಿ. ಅಯೋವಾದಲ್ಲಿ ಜಗತ್ತಿನಲ್ಲೇ ದೊಡ್ಡದು ಅನ್ನುವ ಟ್ರಕ್ ಸ್ಟಾಪ್‌ನಲ್ಲಿ ಇಳಿದೆವು, ಅಲ್ಲಿ ಕಿತ್ತಳೆ ಟೋಪಿಯವರೇ ಕಾಣುತ್ತಿದ್ದರು. ಒಬ್ಬರಿಗೊಬ್ಬರು ಕೇಳುವ ಮೊದಲ ಪ್ರಶ್ನೆ "ಯಾವ ಯೂನಿಟ್?" ಉತ್ತರ ಯಾರೂ ಸರಿಯಾಗಿ ಕೊಡುವುದಿಲ್ಲ. ಅಣಬೆ ಏಳುವ ಜಾಗ ನಮ್ಮಜ್ಜಿ ಯಾರಿಗೂ ಹೇಳುತ್ತಿರಲಿಲ್ಲ, ಹಾಗೆ. ನೆಬ್ರಾಸ್ಕ ಮುಗಿಯುವುದೇ ಇಲ್ಲ. ಕ್ರೇಗ್ ತಲುಪಿದರೆ ಇಡೀ ಊರೇ ಬೇಟೆಗಾರರಿಗಾಗಿ ಕಾದು ಕೂತ ಹಾಗಿದೆ, ಮೋಟೆಲ್ ತುಂಬಿದೆ, ಹೋಟೆಲ್ ತುಂಬಿದೆ, ತಮ್ಮ ಊರು ಎಲ್ಕ್ ಬೇಟೆಯ ರಾಜಧಾನಿ ಅಂತ ಅವರೇ ಹೇಳಿಕೊಳ್ಳುತ್ತಾರೆ. ಹೆತ್ತೂರಿನವರು ಹೇಳಿದ ತಲೆನೋವು ಮೊದಲ ರಾತ್ರಿಯೇ ಬಂತು.

ಅಡುಗೆಗೆ ಅಂತ ಎಂಟಿಆರ್ ಪುಳಿಯೋಗರೆ ಪುಡಿ, ಅವಲಕ್ಕಿ, ಉಪ್ಪಿನಕಾಯಿ ಒಯ್ದಿದ್ದೆ. ಅಲ್ಲಿ ಅನ್ನ ಬೇಯುವುದಿಲ್ಲ! ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಅಕ್ಕಿ ಕಲ್ಲು. ಎರಡನೇ ದಿನ ಅವಲಕ್ಕಿಗೆ ಇಳಿದೆ. ಗಡ್ಡದಣ್ಣನಿಗೆ ನಿಂಬೆ ಉಪ್ಪಿನಕಾಯಿ ಹಿಡಿಸಿಬಿಟ್ಟಿತು, ಬ್ರೆಡ್ಡಿನ ಮೇಲೆ ಸವರಿಕೊಂಡು ತಿಂದರು.

ನಾಲ್ಕನೇ ದಿನ ಬೆಳಿಗ್ಗೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಕತ್ತಲಲ್ಲೇ ಹತ್ತಿ, ಆಸ್ಪೆನ್ ಮರಗಳ ಅಂಚಿನಲ್ಲಿ ಒಂದು ಬಿದ್ದ ದಿಮ್ಮಿಯ ಹಿಂದೆ ಕೂತೆವು. ಕಾಲು ಮರಗಟ್ಟಿತ್ತು. ಬೆಳಕು ಹರಿಯುವಾಗ ಎದುರಿಗೆ, 80 ಗಜ ಇರಬಹುದು, ಒಂದು ಗಂಡು ಬಂದು ನಿಂತಿತು. ಮೂಗಿನಿಂದ ಹಬೆ ಬರುವುದು ಕಾಣುತ್ತಿತ್ತು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಅಂದರೆ ಅದಕ್ಕೆ ಕೇಳಿಸುತ್ತದೇನೋ ಅಂತ ಭಯ. ಗಡ್ಡದಣ್ಣ ರೈಫಲ್ ಎತ್ತಲಿಲ್ಲ, ದುರ್ಬೀನು ಎತ್ತಿದರು. ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದರು. ಅಲ್ಲಿ ಒಂದು ಕೊಂಬಿನಲ್ಲಾದರೂ 4 ಕವಲು ಇರಬೇಕು, ಇಲ್ಲವೇ ಹಣೆಯ ಹತ್ತಿರದ ಕವಲು 5 ಇಂಚು ಇರಬೇಕಂತೆ. ಇದಕ್ಕೆ ಮೂರೇ. ಹಣೆಯ ಹತ್ತಿರದ್ದು ನಾಲ್ಕು ಇಂಚೋ ಐದು ಇಂಚೋ, ಖಾತ್ರಿಯಾಗಿ ಹೇಳಲಾಗಲಿಲ್ಲ. ಮತ್ತೆ ಮತ್ತೆ ನೋಡಿದರು. ಆಮೇಲೆ ದುರ್ಬೀನು ನನ್ನ ಕೈಗೆ ಕೊಟ್ಟು, ನೀನು ನೋಡು, ನಿನ್ನ ಕಣ್ಣು ಚಿಕ್ಕ ವಯಸ್ಸಿನದು ಅಂದರು. ನನಗೆ ಗೊತ್ತಾಗುತ್ತಾ? ಅದು ನಿಧಾನಕ್ಕೆ ಹುಲ್ಲು ಮೇಯುತ್ತಾ ಮರದೊಳಗೆ ಹೋಯಿತು.

ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಒಂದು ಮೈಲಿ ಸುತ್ತ ಮನುಷ್ಯನೇ ಇಲ್ಲ. ಕೇಳಿದೆ, ಹೊಡೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಅಂತ. ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನಗೆ ಕೊಟ್ಟು, "ನಿನಗೆ" ಅಂದರು.

ಆಮೇಲೆ ಕೊನೆಯ ದಿನ ಕಣಿವೆ ಕೆಳಗೆ 40 ಎಲ್ಕ್ ಗುಂಪಾಗಿ ಕಂಡವು. ಎಲ್ಲಾ ಬೇಲಿಯ ಆಚೆ, ಖಾಸಗಿ ಹುಲ್ಲುಗಾವಲಿನಲ್ಲಿ. ವಯೋಮಿಂಗ್ ಕನ್ನಡಿಗರ ಏಣಿ ನೆನಪಾಯಿತು.

ನನ್ನ ಲೆಕ್ಕ: ಪೆಟ್ರೋಲ್, ಮೋಟೆಲ್, ಊಟದ ಪಾಲು 340 ಡಾಲರ್. ಜಾಕೆಟ್ಟು, ಬೂಟು 290. ಒಟ್ಟು 630. ಒಂದು ಗ್ರಾಂ ಮಾಂಸ ಇಲ್ಲ.

ಸಪ್ಪೆಸಾರು

ಓದಿದೆ. ಆ ಗಡ್ಡದಣ್ಣನವರಿಗೆ ನಮ್ಮ ಮನೆಯ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಬಹುದಾ?

ನೋವೈ_ನಿವಾಸಿ

ಖಂಡಿತ ಅಕ್ಕ! ಅವರು ಈಗಲೇ ನಿಂಬೆಕಾಯಿಯ ಇನ್ನೊಂದು ಬಾಟಲಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಿದ್ದಾರೆ.

ಹೆತ್ತೂರು_ಹುಡುಗ

ಮುಂದಿನ ವರ್ಷ?

ನೋವೈ_ನಿವಾಸಿ

ಹಂಟರ್ ಸೇಫ್ಟಿ ಕ್ಲಾಸ್ ಫೆಬ್ರವರಿಯಲ್ಲಿದೆ, ಹೆಸರು ಕೊಟ್ಟಿದ್ದೇನೆ. ಕೋವಿ ಹಿಡಿಯುತ್ತೇನೋ ಇಲ್ಲವೋ ಗೊತ್ತಿಲ್ಲ, ಕೊಂಬು ಎಣಿಸುವುದನ್ನಾದರೂ ಕಲಿಯಬೇಕು ಅನ್ನಿಸಿದೆ. ಬೂಟು ಹಿಮ ತೆಗೆಯಲು ತಗೊಂಡದ್ದು ಅಂತ ಮನೆಯಲ್ಲಿ ಹೇಳಿದ್ದೇನೆ.

ಹೆತ್ತೂರು_ಹುಡುಗ

ನಾನೂ ಮೊದಲ ವರ್ಷ ಅದನ್ನೇ ಹೇಳಿದ್ದು. ಬೂಟಿನ ರಸೀದಿ ಜೇಬಿನಲ್ಲೇ ಇದ್ದರೆ ಈಗಲೇ ತೆಗೆಯಿರಿ, ಪ್ಯಾಂಟು ಒಗೆಯಲು ಹಾಕುವ ಮೊದಲು.